ಟಚ್ ಆಫ್ ಈವಿಲ್: ಮೂರು ಆವೃತ್ತಿಗಳಲ್ಲಿ ಯಾವುದು, ಯಾವ ಡಿಸ್ಕ್‌ನಲ್ಲಿ?

ಆರ್ಸನ್ ವೆಲ್ಸ್ ಅವರ ಕಪ್ಪು–ಬಿಳುಪು ಅಪರಾಧ ಚಿತ್ರ ‘ಟಚ್ ಆಫ್ ಈವಿಲ್’ ಎಂಬ ಒಂದೇ ಹೆಸರಿನಡಿ ಮೂರು ಸಿನಿಮಾಗಳು ಮಾರಾಟದಲ್ಲಿವೆ. 1958ರಲ್ಲಿ ಥಿಯೇಟರಿಗೆ ಬಂದದ್ದು ಸುಮಾರು 96 ನಿಮಿಷ. 1976ರ ಹೊತ್ತಿಗೆ ಯೂನಿವರ್ಸಲ್ ಸ್ಟುಡಿಯೋದ ಉಗ್ರಾಣದಿಂದ ಹೊರಬಂದ ಪ್ರಿವ್ಯೂ ಪ್ರತಿ ಸುಮಾರು 108 ನಿಮಿಷ. 1998ರಲ್ಲಿ ಮರುಜೋಡಣೆಯಾದದ್ದು 111 ನಿಮಿಷ. ಇದಕ್ಕೆ ಎರಡು ಅಳತೆಯ ಚೌಕಟ್ಟು, ಡಿವಿಡಿ, ಬ್ಲೂ-ರೇ, 4ಕೆ ಎಂಬ ಮೂರು ಬಗೆಯ ಡಿಸ್ಕು, ಮೇಲೊಂದು ವಲಯದ ಬೀಗ ಸೇರಿದರೆ ಕೊಳ್ಳಲು ಹೊರಟವರ ತಲೆ ಕೆಡುವುದು ಸಹಜ. ಆಯ್ಕೆಯ ಕ್ರಮ ಸರಿಯಿದ್ದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ: ಮೊದಲು ಆವೃತ್ತಿ, ಆಮೇಲೆ ಚೌಕಟ್ಟು, ಆಮೇಲೆ ನಿಮ್ಮ ಮನೆಯ ಟಿವಿ ಮತ್ತು ಪ್ಲೇಯರ್, ಕೊನೆಗೆ ಡಿಸ್ಕ್. ಹೆಚ್ಚಿನವರು 4ಕೆ ಎಂಬ ಗುರುತು ಕಂಡೊಡನೆ ಹಣ ಕೊಟ್ಟು, ಉಳಿದ ಮೂರನ್ನು ಮನೆಗೆ ಬಂದಮೇಲೆ ಯೋಚಿಸುತ್ತಾರೆ.

ಮೂರು ಆವೃತ್ತಿಗಳ ಜಾತಕ

ಚಿತ್ರೀಕರಣ ನಡೆದದ್ದು 1957ರ ಆರಂಭದಲ್ಲಿ. ಲಾಸ್ ಏಂಜಲೀಸ್ ನಗರದ ವೆನಿಸ್ ಎಂಬ ಬಡಾವಣೆಯನ್ನೇ ಮೆಕ್ಸಿಕೋ ಗಡಿಯ ಊರಾಗಿ ತೋರಿಸಿದ್ದಾರೆ. ನಿರ್ದೇಶನ ಆರ್ಸನ್ ವೆಲ್ಸ್, ಛಾಯಾಗ್ರಹಣ ರಸೆಲ್ ಮೆಟ್ಟಿ, ಸಂಗೀತ ಹೆನ್ರಿ ಮ್ಯಾನ್ಸಿನಿ. ಸಂಕಲನದ ಹಂತದಲ್ಲಿ ಚಿತ್ರ ವೆಲ್ಸ್ ಕೈತಪ್ಪಿತು. ಕಥೆ ಇನ್ನಷ್ಟು ಬಿಡಿಸಿ ಹೇಳಬೇಕೆಂದು ಸ್ಟುಡಿಯೋ ಹ್ಯಾರಿ ಕೆಲ್ಲರ್ ಎಂಬ ಇನ್ನೊಬ್ಬ ನಿರ್ದೇಶಕರಿಂದ ಹೆಚ್ಚುವರಿ ದೃಶ್ಯಗಳನ್ನು ತೆಗೆಸಿತು. ಆ ಸ್ಥಿತಿಯಲ್ಲಿ ಚಿತ್ರ ನೋಡಿದ ವೆಲ್ಸ್, 1957ರ ಡಿಸೆಂಬರ್ 5ರ ದಿನಾಂಕ ಹಾಕಿ ಸ್ಟುಡಿಯೋ ಮುಖ್ಯಸ್ಥ ಎಡ್ವರ್ಡ್ ಮುಲ್ ಅವರಿಗೆ 58 ಪುಟಗಳ ಟಿಪ್ಪಣಿ ಬರೆದರು. ಬೈಗುಳವಿಲ್ಲದ, ಶಾಟ್ ಶಾಟ್‌ಗೂ ಕಾರಣ ಕೊಟ್ಟು ಬರೆದ ಟಿಪ್ಪಣಿ ಅದು. ಅದರಲ್ಲಿ ಕೆಲವನ್ನಷ್ಟೇ ಪಾಲಿಸಿದ ಸ್ಟುಡಿಯೋ ಪ್ರಿವ್ಯೂ ನಂತರ ಇನ್ನಷ್ಟು ಕತ್ತರಿಸಿ, ಜೋಡಿ ಪ್ರದರ್ಶನದ ಎರಡನೇ ಚಿತ್ರವಾಗಿ ಬಿಡುಗಡೆ ಮಾಡಿತು. ಜೋಡಿಯ ಮೊದಲ ಚಿತ್ರ ‘ದಿ ಫೀಮೇಲ್ ಅನಿಮಲ್’. ಅದರ ನಿರ್ದೇಶಕರೂ ಇದೇ ಕೆಲ್ಲರ್!

108 ನಿಮಿಷದ ಪ್ರತಿ ಸಿಕ್ಕಾಗ, ಉದ್ದವಿದೆ ಎಂದಮೇಲೆ ಇದೇ ವೆಲ್ಸ್ ಅವರ ಮೂಲ ಎಂದು ಬಹಳ ಮಂದಿ ನಂಬಿದರು. ಅದು ಹಾಗಲ್ಲ. ಬಿಡುಗಡೆಗೆ ಮೊದಲು ಪ್ರೇಕ್ಷಕರ ಮೇಲೆ ಪರೀಕ್ಷಿಸಿದ ಪ್ರತಿ ಅದು. ವೆಲ್ಸ್ ತೆಗೆದ ಭಾಗ ಅದರಲ್ಲಿ ಹೆಚ್ಚಿದೆ, ಕೆಲ್ಲರ್ ತೆಗೆದ ಭಾಗವೂ ಹೆಚ್ಚಿದೆ.

1998ರ ಕೆಲಸದ ನಿರ್ಮಾಪಕ ರಿಕ್ ಶ್ಮಿಡ್ಲಿನ್, ಸಂಕಲನಕಾರ ವಾಲ್ಟರ್ ಮರ್ಚ್. ಸಲಹೆಗಾರರಾಗಿ ವಿಮರ್ಶಕ ಜೊನಾಥನ್ ರೋಸೆನ್‌ಬಾಮ್ ಇದ್ದರು. ಅಂದು ಕತ್ತರಿಸಿ ಬಿಸಾಡಿದ ರೀಲುಗಳು ಅವರಿಗೆ ಸಿಗಲಿಲ್ಲ. ಕೈಯಲ್ಲಿದ್ದದ್ದು 96 ಮತ್ತು 108 ನಿಮಿಷದ ಎರಡು ಪ್ರತಿಗಳು, ಜೊತೆಗೆ ಆ ಟಿಪ್ಪಣಿ. ಅದನ್ನು ಮುಂದಿಟ್ಟುಕೊಂಡು ಸುಮಾರು 50 ಬದಲಾವಣೆ ಮಾಡಿದರು. ವೆಲ್ಸ್ 1985ರಲ್ಲೇ ತೀರಿಕೊಂಡಿದ್ದರಿಂದ ಅವರು ಒಪ್ಪಿದ್ದಾರೆ ಎನ್ನುವಂತಿಲ್ಲ. ಹಾಗಾಗಿ ಯಾವುದಾದರೂ ಅಂಗಡಿಯ ಪುಟದಲ್ಲಿ ‘ಡೈರೆಕ್ಟರ್ಸ್ ಕಟ್’ (ನಿರ್ದೇಶಕರೇ ಅಂತಿಮಗೊಳಿಸಿದ ಆವೃತ್ತಿ) ಎಂದು ಕಂಡರೆ, ಆ ಮಾತನ್ನು ಪಕ್ಕಕ್ಕಿಟ್ಟು ನಿಮಿಷ ನೋಡಿ. ಈ ಚಿತ್ರಕ್ಕೆ ಡೈರೆಕ್ಟರ್ಸ್ ಕಟ್ ಎಂಬುದು ಇಲ್ಲ.

ನೋಡುವಾಗ ಎಲ್ಲಿ ಬದಲಾಗುತ್ತದೆ

ಮೊದಲ ಮೂರು ನಿಮಿಷ ನೋಡಿದರೆ ನಿಮ್ಮ ಕೈಯಲ್ಲಿರುವುದು ಯಾವುದೆಂದು ಗೊತ್ತಾಗುತ್ತದೆ. ಕಾರಿನ ಡಿಕ್ಕಿಗೆ ಬಾಂಬ್ ಇಡುವಲ್ಲಿಂದ ಶುರುವಾಗಿ ಗಡಿ ದಾಟುವವರೆಗೆ ಕತ್ತರಿ ಬೀಳದೆ ಸಾಗುವ ಆ ಪ್ರಸಿದ್ಧ ಶಾಟ್ ಮೂರು ನಿಮಿಷಕ್ಕೂ ಮೀರಿದ್ದು. 1958ರದರಲ್ಲೂ ಪ್ರಿವ್ಯೂ ಪ್ರತಿಯಲ್ಲೂ ಅದರ ಮೇಲೆ ಹೆಸರುಗಳು ಮೂಡುತ್ತವೆ, ಮ್ಯಾನ್ಸಿನಿಯ ಬೊಂಗೊ ಮತ್ತು ಹಿತ್ತಾಳೆ ವಾದ್ಯಗಳ ಸಂಗೀತ ಉದ್ದಕ್ಕೂ ಬಾರಿಸುತ್ತದೆ. 1998ರದರಲ್ಲಿ ಹೆಸರುಗಳೆಲ್ಲ ಚಿತ್ರದ ಕೊನೆಗೆ ಹೋಗಿವೆ. ಹಿನ್ನೆಲೆ ಸಂಗೀತದ ಬದಲು ಕ್ಯಾಮೆರಾ ಒಂದೊಂದು ಕ್ಲಬ್ಬಿನ ಬಾಗಿಲು ದಾಟಿದಂತೆ ಒಳಗಿನ ಹಾಡು ಕೇಳಿ ಮರೆಯಾಗುತ್ತದೆ; ಬಾಂಬ್ ಇರುವ ಕಾರಿನ ರೇಡಿಯೋ ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ಕಾರು ಎಲ್ಲಿದೆ ಎಂದು ಕಣ್ಣಿಗೆ ಕಾಣದಾಗಲೂ ಕಿವಿ ಹಿಂಬಾಲಿಸುತ್ತದೆ. ವೆಲ್ಸ್ ಟಿಪ್ಪಣಿಯಲ್ಲಿ ಕೇಳಿದ್ದೇ ಇದನ್ನು.

ಎರಡನೆಯದು ಸ್ಫೋಟದ ನಂತರದ ಭಾಗ. ಹಳೆಯದರಲ್ಲಿ ಕಥೆಯ ನಾಯಕ, ಮೆಕ್ಸಿಕೋದ ಪೊಲೀಸ್ ಅಧಿಕಾರಿ ವರ್ಗಾಸ್ ಸ್ಫೋಟದ ಸ್ಥಳದಲ್ಲಿರುವುದು, ಅವನ ಹೆಂಡತಿ ಸೂಸನ್ ಗಡಿಯ ಪಾತಕಿ ಗ್ರಾಂಡಿಯ ಕೈಗೆ ಸಿಕ್ಕುವುದು ಎರಡೂ ಉದ್ದುದ್ದ ತುಂಡುಗಳಾಗಿ ಒಂದರ ಹಿಂದೊಂದು ಬರುತ್ತವೆ. 1998ರದರಲ್ಲಿ ಅವು ಒಂದಕ್ಕೊಂದು ಹೆಣೆದುಕೊಂಡು ನಡೆಯುತ್ತವೆ. ಗಂಡ ಹೆಂಡತಿ ಬೇರೆಯಾದದ್ದೇ ಕಥೆಯ ಬೇರು ಎನ್ನುವುದು ಇಲ್ಲಿ ನೋಡುಗನಿಗೆ ಹತ್ತುತ್ತದೆ.

ಮೂರನೆಯದು ಬಹಳ ಚಿಕ್ಕದು. ವರ್ಗಾಸ್ ಕಡತಗಳನ್ನು ಮುಂದಿಟ್ಟು, ಭ್ರಷ್ಟ ಪೊಲೀಸ್ ಅಧಿಕಾರಿ ಕ್ವಿನ್ಲನ್‌ನ ಬಂಟ ಮೆನ್ಸೀಸ್‌ನನ್ನು ಪ್ರಶ್ನಿಸುವ ದೃಶ್ಯದಲ್ಲಿ ಮೆನ್ಸೀಸ್ ಮುಖದ ಒಂದು ಕ್ಲೋಸ್-ಅಪ್ ತೆಗೆದಿದ್ದಾರೆ. ಅದಿದ್ದಾಗ ಅವನು ಅಲ್ಲೇ ಕುಸಿದವನಂತೆ ಕಾಣುತ್ತಾನೆ. ಇಲ್ಲದಾಗ ಅವನ ಮನಸ್ಸು ಕೊನೆಯವರೆಗೂ ತೂಗಾಡುತ್ತದೆ. ಎರಡು ಆವೃತ್ತಿಯನ್ನು ಹತ್ತಿರ ಹತ್ತಿರದ ದಿನಗಳಲ್ಲಿ ನೋಡುವವರು ಈ ಜಾಗವನ್ನು ಗಮನಿಸಬೇಕು. ಕೆಲವೇ ಸೆಕೆಂಡಿನ ಫಿಲ್ಮ್ ಒಂದು ಪಾತ್ರವನ್ನು ಎಷ್ಟು ತಿರುಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಸಂಕಲನ ಕಲಿಯುವವರಿಗೆ ಸಿಗುವುದು ಕಷ್ಟ.

ನಮ್ಮ ತೀರ್ಪು: ಮೊದಲ ಸಲ ನೋಡುವವರಿಗೆ 1998ರದು. ಕಥೆಯ ಎಳೆಗಳು ಅದರಲ್ಲೇ ಚೆನ್ನಾಗಿ ಸಿಗುತ್ತವೆ. ಎರಡನೇ ಸಲಕ್ಕೆ 1958ರದು. ಮ್ಯಾನ್ಸಿನಿಯ ಆರಂಭ ಸಂಗೀತ ಕೇಳದೆ ಈ ಚಿತ್ರ ನೋಡಿದೆ ಎಂದರೆ ಅರ್ಧ ನೋಡಿದಂತೆ. ಪ್ರಿವ್ಯೂ ಪ್ರತಿ ಅಭ್ಯಾಸ ಮಾಡುವವರಿಗೆ. ಕೇವಲ ಅದೊಂದೇ ಇರುವ ಹಳೆಯ ಡಿಸ್ಕ್ ಅಥವಾ ಟೇಪ್ ಅಗ್ಗಕ್ಕೆ ಸಿಕ್ಕರೂ ಬೇಡ.

ಚೌಕಟ್ಟಿನ ತಕರಾರು

ನೆಗೆಟಿವ್ ಮೇಲೆ ಬಿದ್ದಿರುವ ಚಿತ್ರ ಹೆಚ್ಚುಕಡಿಮೆ ಹಳೆಯ 1.37:1 ಅಳತೆಯದು (ಎತ್ತರ 1 ಆದರೆ ಅಗಲ 1.37). ಆದರೆ 1953ರಿಂದಲೇ ಯೂನಿವರ್ಸಲ್ ಅಗಲ ಪರದೆಗೆ ಹೊರಳಿತ್ತು. ಅಮೆರಿಕದ ಥಿಯೇಟರುಗಳಲ್ಲಿ ಪ್ರೊಜೆಕ್ಟರಿನ ಕಿಂಡಿಗೆ ತಗಡು ಹಾಕಿ ಮೇಲೆ ಕೆಳಗೆ ಮರೆಮಾಡಿ 1.85:1 ಮಾಡಿಯೇ ತೋರಿಸುತ್ತಿದ್ದರು. ಹಾಗೆ ಮಾಡಿದಾಗ ಎತ್ತರದಲ್ಲಿ ಶೇ 26ರಷ್ಟು ಹೋಗುತ್ತದೆ. ನಡುವೆ ಇಟ್ಟು ಕತ್ತರಿಸಿದರೆ ಮೇಲೆ ಶೇ 13, ಕೆಳಗೆ ಶೇ 13.

1.37ರ ಪರ ವಾದಿಸುವವರು ತೋರಿಸುವುದು ಚಾವಣಿಗಳನ್ನು. ವೆಲ್ಸ್ ಕ್ಯಾಮೆರಾವನ್ನು ನೆಲಕ್ಕಿಳಿಸಿ 18.5 ಮಿಲಿಮೀಟರ್ ಲೆನ್ಸ್ ಹಾಕಿ ತೆಗೆದ ಕೋಣೆಗಳಲ್ಲಿ ಚಾವಣಿ ಮನುಷ್ಯರ ತಲೆಯ ಮೇಲೆ ಕೂತಂತಿರುತ್ತದೆ, 1.85ರಲ್ಲಿ ಅದರ ಒಂದು ಪಾಲು ಕಾಣದಾಗುತ್ತದೆ. 1.85ರ ಪರ ಇರುವವರು ತಲೆಯ ಮೇಲಿನ ಖಾಲಿ ಜಾಗ ತೋರಿಸುತ್ತಾರೆ: 1.37ರಲ್ಲಿ ಎಷ್ಟೋ ಶಾಟ್‌ಗಳಲ್ಲಿ ಮುಖಗಳು ಕೆಳಗೆ ಜಾರಿದಂತಿವೆ, ತಗಡು ಹಾಕಿದೊಡನೆ ಬಿಗಿಯಾಗುತ್ತವೆ. ಸ್ಟುಡಿಯೋದ ಅಂದಿನ ಪದ್ಧತಿ, ಪ್ರೊಜೆಕ್ಷನ್ ರೂಢಿ ಎರಡೂ ಎರಡನೆಯ ವಾದದ ಕಡೆಗಿವೆ. 1.85 ಇರುವ ಡಿಸ್ಕ್ ಕೊಂಡರೆ ಏನನ್ನೋ ಕಳೆದುಕೊಂಡೆ ಎಂದು ಕೊರಗಬೇಕಿಲ್ಲ.

55 ಇಂಚಿನ ಟಿವಿಯಲ್ಲಿ ಲೆಕ್ಕ ಹೀಗೆ. ಪರದೆಯ ಅಗಲ ಸುಮಾರು 122 ಸೆಂಟಿಮೀಟರ್, ಎತ್ತರ 68.5. ಚಿತ್ರ 1.85 ಆದರೆ ಅಗಲ ಪೂರ್ತಿ ತುಂಬಿ ಮೇಲೆ ಕೆಳಗೆ ಒಂದೂಕಾಲು ಸೆಂಟಿಮೀಟರಿನ ಕಪ್ಪು ಪಟ್ಟಿ ಉಳಿಯುತ್ತದೆ. 1.37 ಆದರೆ ಎತ್ತರ ಪೂರ್ತಿ, ಅಗಲ ಮಾತ್ರ 94 ಸೆಂಟಿಮೀಟರ್; ಎಡಬಲಕ್ಕೆ ತಲಾ 14 ಸೆಂಟಿಮೀಟರ್ ಕಪ್ಪು. ಆ ಕಪ್ಪು ಕಂಡು ಸಹಿಸಲಾರದೆ ರಿಮೋಟಿನ ಝೂಮ್ ಒತ್ತುವವರಿದ್ದಾರೆ. ಝೂಮ್ ಮಾಡಿದರೆ ಯಾರೂ ಉದ್ದೇಶಿಸದ ನಾಲ್ಕನೇ ಆವೃತ್ತಿಯೊಂದು ಹುಟ್ಟುತ್ತದೆ, ಅಷ್ಟೆ.

4ಕೆ ಯಾರಿಗೆ ಬೇಕು

ಬಿಡಿಬಿಡಿಯಾಗಿ ಕಾಣುವ ವಿವರದ ಮಟ್ಟಿಗೆ ಹೇಳುವುದಾದರೆ, ಉತ್ತರ ನಿಮ್ಮ ಸೋಫಾ ಎಲ್ಲಿದೆ ಎಂಬುದರಲ್ಲಿದೆ. ಸಾಮಾನ್ಯ ದೃಷ್ಟಿಯುಳ್ಳವರಿಗೆ 43 ಇಂಚಿನ ಟಿವಿಯಲ್ಲಿ 1.7 ಮೀಟರ್, 55 ಇಂಚಿನದರಲ್ಲಿ 2.2 ಮೀಟರ್, 65 ಇಂಚಿನದರಲ್ಲಿ 2.6 ಮೀಟರಿಗಿಂತ ಹಿಂದೆ ಕೂತರೆ ಬ್ಲೂ-ರೇಯ 1080 ಗೆರೆಗಳೇ ಸಾಕು. ಅದಕ್ಕಿಂತ ಹತ್ತಿರ ಕೂತಾಗ ಮಾತ್ರ 4ಕೆಯ ಹೆಚ್ಚುವರಿ ವಿವರ ಕಣ್ಣಿಗೆ ಬೀಳುತ್ತದೆ. ನಮ್ಮ ಹೆಚ್ಚಿನ ಹಾಲ್‌ಗಳಲ್ಲಿ ಸೋಫಾ ಎದುರು ಗೋಡೆಗೆ ಅಂಟಿಕೊಂಡೇ ಇರುತ್ತದೆ.

ಆದರೆ ನುವಾರ್, ಅಂದರೆ ನೆರಳು–ಕತ್ತಲೆಯ ಅಪರಾಧ ಕಥೆಯ, ಚಿತ್ರದ ಜೀವ ಇರುವುದು ಕತ್ತಲಲ್ಲಿ, ಮತ್ತು 4ಕೆ ಡಿಸ್ಕಿನ ನಿಜವಾದ ಲಾಭವೂ ಅಲ್ಲೇ. ಕಪ್ಪು–ಬಿಳುಪು ಚಿತ್ರಕ್ಕೆ ಬಣ್ಣದ ಆಸರೆ ಇಲ್ಲ. ಇರುವುದೆಲ್ಲ ಬೆಳಕಿನ ಹಂತಗಳು. ಬ್ಲೂ-ರೇಯ 8 ಬಿಟ್ ವಿಡಿಯೋದಲ್ಲಿ 16ರಿಂದ 235ರವರೆಗೆ 220 ಹಂತ. 4ಕೆಯ 10 ಬಿಟ್‌ನಲ್ಲಿ 64ರಿಂದ 940ರವರೆಗೆ 877. ಎಚ್‌ಡಿಆರ್ (ಬೆಳಕು–ಕತ್ತಲೆಯ ಹೆಚ್ಚಿನ ವ್ಯಾಪ್ತಿ ತೋರಿಸುವ ವಿಧಾನ) ಈ ಹಂತಗಳನ್ನು ಹಂಚುವ ರೀತಿ ಬೇರೆಯಾದ್ದರಿಂದ ನೇರ ನಾಲ್ಕು ಪಟ್ಟು ಎನ್ನಲಾಗದು. ಆದರೂ ಬೀದಿದೀಪದಿಂದ ಕತ್ತಲೆಗೆ ಇಳಿಯುವ ಗೋಡೆಯ ಮೇಲೆ ಬ್ಲೂ-ರೇ ಕೆಲವೊಮ್ಮೆ ಪಟ್ಟೆಪಟ್ಟೆಯಾಗಿ ಒಡೆಯುವ ಕಡೆ 4ಕೆ ನಯವಾಗಿ ಇಳಿಯುತ್ತದೆ.

ಈ ಲಾಭ ಸಿಗುವುದು ಓಎಲ್‌ಇಡಿ ಅಥವಾ ಒಳ್ಳೆಯ ಲೋಕಲ್ ಡಿಮ್ಮಿಂಗ್ (ಪರದೆಯ ಹಿಂದಿನ ಬೆಳಕನ್ನು ಭಾಗಭಾಗವಾಗಿ ತಗ್ಗಿಸುವ ವ್ಯವಸ್ಥೆ) ಇರುವ ಟಿವಿಯಲ್ಲಿ. ಪೆಟ್ಟಿಗೆಯ ಮೇಲೆ ಎಚ್‌ಡಿಆರ್ ಎಂದು ಬರೆದು 300 ನಿಟ್ಸ್ ಹೊಳಪಿನ ಸುತ್ತಮುತ್ತ ನಿಲ್ಲುವ ಅಗ್ಗದ ಟಿವಿಗಳಲ್ಲಿ ಎಚ್‌ಡಿಆರ್ ಡಿಸ್ಕ್ ಹಾಕಿದರೆ ಚಿತ್ರ ಮಂಕಾಗುತ್ತದೆ, ಕಪ್ಪು ಬೂದಿಯಾಗುತ್ತದೆ. ಅಂಥ ಟಿವಿಗೆ ಬ್ಲೂ-ರೇ ಹೆಚ್ಚು ಒಗ್ಗುತ್ತದೆ; ಉಳಿದ ದುಡ್ಡಿಗೆ ದಪ್ಪನೆಯ ಪರದೆಬಟ್ಟೆ ತಂದು ಕಿಟಕಿಗೆ ಹಾಕಿ.

ಡಿಸ್ಕ್‌ಗಳು ಒಂದೊಂದಾಗಿ

ಕೀನೋ ಲಾರ್ಬರ್, 2022, ಅಮೆರಿಕ: ಮೂರು 4ಕೆ ಡಿಸ್ಕ್, ಪ್ರತಿ ಆವೃತ್ತಿಗೆ ಒಂದು. 1.85 ಚೌಕಟ್ಟು, ಡಾಲ್ಬಿ ವಿಷನ್ ಮತ್ತು ಎಚ್‌ಡಿಆರ್10 (ಎರಡೂ ಎಚ್‌ಡಿಆರ್‌ನ ಬಗೆಗಳು). ಟಿವಿ ಯೋಗ್ಯವಾಗಿದ್ದರೆ ಇದೇ ಮೊದಲ ಆಯ್ಕೆ. ಪ್ರತಿ ಆವೃತ್ತಿಗೂ ಪೂರ್ತಿ ಡಿಸ್ಕ್ ಇರುವುದರಿಂದ ಗ್ರೇನ್‌ಗೆ (ಫಿಲ್ಮಿನ ಸಹಜ ಕಣಗಳಿಗೆ) ಉಸಿರಾಡಲು ಜಾಗವಿದೆ. ನೆನಪಿಡಿ, 4ಕೆ ಡಿಸ್ಕ್ ಸಾಮಾನ್ಯ ಬ್ಲೂ-ರೇ ಪ್ಲೇಯರಿನಲ್ಲಿ ಓಡುವುದಿಲ್ಲ. ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5ರಲ್ಲಿ ಓಡುತ್ತದೆ, ಆದರೆ ಅಲ್ಲಿ ಡಾಲ್ಬಿ ವಿಷನ್ ಸಿಗದೆ ಎಚ್‌ಡಿಆರ್10 ಸಿಗುತ್ತದೆ. ಪ್ಲೇಸ್ಟೇಷನ್ 4 ಪ್ರೊ ಹೆಸರಿಗೆ 4ಕೆ ಆದರೂ ಈ ಡಿಸ್ಕನ್ನು ಓದುವುದಿಲ್ಲ.

ಯೂನಿವರ್ಸಲ್ ಬ್ಲೂ-ರೇ, 2014: ಮೂರೂ ಆವೃತ್ತಿ, 1.85, ಜೊತೆಗೆ ವೆಲ್ಸ್ ಟಿಪ್ಪಣಿಯ ಮುದ್ರಿತ ಪುಸ್ತಿಕೆ. 2008ರ ಡಿವಿಡಿಯ ವ್ಯಾಖ್ಯಾನಗಳು (ಚಿತ್ರ ಓಡುವಾಗಲೇ ಕೇಳುವ ವಿವರಣೆಗಳು) ಇದರಲ್ಲೂ ಇವೆ. ಪ್ರಿವ್ಯೂ ಪ್ರತಿಗೆ ರೋಸೆನ್‌ಬಾಮ್ ಮತ್ತು ಜೇಮ್ಸ್ ನೇರ್‌ಮೋರ್ ನೀಡಿರುವ ವ್ಯಾಖ್ಯಾನ ಯಾವ ಶಾಟ್ ವೆಲ್ಸ್‌ದು, ಯಾವುದು ಕೆಲ್ಲರ್‌ದು ಎಂದು ಬಿಡಿಸಿ ತೋರಿಸುವುದರಿಂದ ಆ ಆವೃತ್ತಿಯನ್ನು ನೋಡಲು ಅದೇ ದೊಡ್ಡ ಕಾರಣ. 1998ರದಕ್ಕೆ ಶ್ಮಿಡ್ಲಿನ್ ಜೊತೆ ವರ್ಗಾಸ್ ಮತ್ತು ಸೂಸನ್ ಪಾತ್ರಧಾರಿಗಳಾದ ಚಾರ್ಲ್ಟನ್ ಹೆಸ್ಟನ್, ಜ್ಯಾನೆಟ್ ಲೀ ಮಾತಾಡಿದ್ದಾರೆ. ಹಣಕ್ಕೆ ಸಿಗುವ ಮೌಲ್ಯ ಲೆಕ್ಕ ಹಾಕಿದರೆ ಹೆಚ್ಚಿನವರಿಗೆ ಇದು ಸಾಕು.

ಯುರೇಕಾ ಮಾಸ್ಟರ್ಸ್ ಆಫ್ ಸಿನಿಮಾ, 2011, ಬ್ರಿಟನ್: 1958 ಮತ್ತು 1998ರ ಆವೃತ್ತಿಗಳು 1.37, 1.85 ಎರಡರಲ್ಲೂ; ಪ್ರಿವ್ಯೂ 1.85ರಲ್ಲಿ. ಒಟ್ಟು ಐದು ರೂಪ. ಚೌಕಟ್ಟಿನ ತಕರಾರನ್ನು ತಮ್ಮ ಕಣ್ಣಿಂದಲೇ ಬಗೆಹರಿಸಿಕೊಳ್ಳಬೇಕೆನ್ನುವವರಿಗೆ ಇದು.

ಯೂನಿವರ್ಸಲ್ ಡಿವಿಡಿ, 2000 ಮತ್ತು 2008: ಮೊದಲನೆಯದರಲ್ಲಿ 1998ರ ಆವೃತ್ತಿ ಮಾತ್ರ, ಎರಡನೆಯದರಲ್ಲಿ ಮೂರೂ. ಹಳೆಯ ಡಿಸ್ಕ್ ಇದ್ದವರು ನೋಡಿ ಆನಂದಿಸಲಿ. ಹೊಸದಾಗಿ ಕೊಳ್ಳಲು ಕಾರಣವಿಲ್ಲ. ಯುರೋಪಿನ ಪಾಲ್ (ಅಲ್ಲಿನ ಟಿವಿ ಮಾನದಂಡ) ಡಿವಿಡಿಗಳಲ್ಲಿ ಒಂದು ಬಲೆ ಇದೆ. ಅಲ್ಲಿ ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ರಲ್ಲಿ ಓಡಿಸುತ್ತಾರೆ. ಚಿತ್ರ ಶೇ 4ರಷ್ಟು ಚುರುಕು, ದನಿ ಒಂದಿಷ್ಟು ತೆಳ್ಳಗೆ. 111 ನಿಮಿಷದ್ದು 106–107ಕ್ಕೆ ಇಳಿಯುತ್ತದೆ. ಪೆಟ್ಟಿಗೆಯ ಮೇಲೆ 107 ಎಂದು ಓದಿ ಇದು ಪ್ರಿವ್ಯೂ ಪ್ರತಿ ಎಂದುಕೊಂಡರೆ ಮೋಸಹೋದಿರಿ. ಬ್ಲೂ-ರೇ, 4ಕೆಗಳಲ್ಲಿ ಈ ಚಿತ್ರ 24ರಲ್ಲೇ ಓಡುತ್ತದೆ.

ಸ್ಟ್ರೀಮಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾವ ಆವೃತ್ತಿ ಎಂದು ಅಲ್ಲಿ ಬರೆದಿರುವುದು ಅಪರೂಪ. ನಿಮಿಷ ನೋಡಿಯೇ ಊಹಿಸಬೇಕು. ಬ್ಲೂ-ರೇ ವಿಡಿಯೋ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಹೋಗಬಲ್ಲದು. ಎಚ್‌ಡಿ ಸ್ಟ್ರೀಮಿಗೆ ಅದರ ಸಣ್ಣ ಪಾಲಷ್ಟೇ ಸಿಗುತ್ತದೆ. ಗ್ರೇನ್ ಪ್ರತಿ ಫ್ರೇಮಿನಲ್ಲೂ ಬದಲಾಗುವ ವಸ್ತು, ಕಂಪ್ರೆಷನ್ನಿಗೆ ಅತಿ ದುಬಾರಿ. ಬಿಟ್ ಸಾಲದಾದಾಗ ಮೊದಲು ಬಲಿಯಾಗುವುದು ಅದೇ, ಜೊತೆಗೆ ಕತ್ತಲ ಮೂಲೆಗಳು ಚೌಕಚೌಕವಾಗಿ ಕದಡುತ್ತವೆ.

ವಲಯದ ಬೀಗ

ಬ್ಲೂ-ರೇಗೆ ಮೂರು ವಲಯ: ಅಮೆರಿಕ ಎ, ಯುರೋಪ್ ಬಿ, ಭಾರತ ಸಿ. ಇಲ್ಲಿ ಕೊಂಡ ಪ್ಲೇಯರಿನಲ್ಲಿ ಎ ಅಥವಾ ಬಿ ಬೀಗ ಹಾಕಿದ ಡಿಸ್ಕ್ ಓಡುವುದಿಲ್ಲ. ಡಿಸ್ಕಿನ ಪೆಟ್ಟಿಗೆಯ ಹಿಂಬದಿಯ ಗೋಳದ ಗುರುತಿನಲ್ಲಿ ಎ, ಬಿ, ಸಿ ಮೂರೂ ಇದ್ದರೆ ಮಾತ್ರ ನಿಶ್ಚಿಂತೆ. 4ಕೆ ಡಿಸ್ಕ್‌ಗಳಿಗೆ ವಲಯವೇ ಇಲ್ಲ; ಬೆಂಗಳೂರಿನಲ್ಲಿ ಕೂತು ಅಮೆರಿಕದ ಡಿಸ್ಕ್ ತರಿಸುವವರಿಗೆ ಇದು 4ಕೆಯ ದೊಡ್ಡ ಅನುಕೂಲ. ನ್ಯೂಜೆರ್ಸಿಯ ಕನ್ನಡಿಗರಿಗೆ ಯೂನಿವರ್ಸಲ್ ಬ್ಲೂ-ರೇ, ಲಂಡನ್ನಿನವರಿಗೆ ಯುರೇಕಾ ಯಾವ ತೊಡಕೂ ಕೊಡುವುದಿಲ್ಲ. ಅಲ್ಲಿಂದ ಊರಿಗೆ ಬರುವ ನೆಂಟರ ಕೈಲಿ ತರಿಸುವಾಗಲೇ ಎಡವಟ್ಟಾಗುವುದು. ಡಿವಿಡಿಯಾದರೆ ಅಮೆರಿಕ 1, ಯುರೋಪ್ 2, ಭಾರತ 5. ಲ್ಯಾಪ್‌ಟಾಪಿನ ಡಿವಿಡಿ ಡ್ರೈವಿನಲ್ಲಿ ವಲಯವನ್ನು ಐದು ಸಲ ಮಾತ್ರ ಬದಲಿಸಬಹುದು, ಐದನೆಯದು ಶಾಶ್ವತ.

ಟಿವಿಯಲ್ಲಿ ಏನು ಬದಲಿಸಬೇಕು

ಪಿಕ್ಚರ್ ಮೋಡನ್ನು ಸಿನಿಮಾ ಅಥವಾ ಫಿಲ್ಮ್‌ಮೇಕರ್‌ಗೆ ಇಡಿ. ಬಣ್ಣದ ತಾಪ ‘ವಾರ್ಮ್’. ‘ಕೂಲ್’ ಇದ್ದರೆ ಕಪ್ಪು–ಬಿಳುಪು ಚಿತ್ರ ನೀಲಿಗೆ ತಿರುಗುವುದು ಬಣ್ಣದ ಚಿತ್ರಕ್ಕಿಂತ ಎದ್ದು ಕಾಣುತ್ತದೆ. ಮೋಷನ್ ಸ್ಮೂದಿಂಗ್, ನಾಯ್ಸ್ ರಿಡಕ್ಷನ್, ಡೈನಾಮಿಕ್ ಕಾಂಟ್ರಾಸ್ಟ್ ಮೂರನ್ನೂ ಆರಿಸಿ. ಓವರ್‌ಸ್ಕ್ಯಾನ್ ನಿಲ್ಲಿಸಿ, ಇಲ್ಲದಿದ್ದರೆ ಟಿವಿ ತಾನೇ ಅಂಚು ಕತ್ತರಿಸುತ್ತದೆ. ಶಾರ್ಪ್‌ನೆಸ್ ಇಳಿಸುತ್ತ ಹೋಗಿ ಅಕ್ಷರಗಳ ಸುತ್ತ ಬಿಳಿ ಅಂಚು ಮಾಯವಾಗುವಲ್ಲಿ ನಿಲ್ಲಿಸಿ. ಪ್ಲೇಯರಿನಲ್ಲಿ 24 ಹರ್ಟ್ಸ್ ಔಟ್‌ಪುಟ್ ಚಾಲೂ ಇರಲಿ. 60ರಲ್ಲಿದ್ದರೆ ಆರಂಭದ ಆ ಕ್ರೇನ್ ಶಾಟ್ ತಡವರಿಸುತ್ತದೆ. ಧ್ವನಿ ಮೋನೋ. ಹೋಮ್ ಥಿಯೇಟರಿನ ಸರೌಂಡ್ ಮೋಡ್ ಹಾಕಿ ಅದನ್ನು ಹರಡಿದರೆ ಮರ್ಚ್ ಕಟ್ಟಿದ ದೂರ–ಹತ್ತಿರದ ಲೆಕ್ಕವೆಲ್ಲ ಕಲಸುತ್ತದೆ.

ದೋಷ ಡಿಸ್ಕಿನದೋ ಫಿಲ್ಮಿನದೋ

ಡಿಸ್ಕ್ ಬಂದಮೇಲೆ ಹಿಂತಿರುಗಿಸುವ ಮೊದಲು ಇಷ್ಟು ತಿಳಿದಿರಬೇಕು. ಒಂದು ದೃಶ್ಯ ಕರಗಿ ಇನ್ನೊಂದಾಗುವ ಡಿಸಾಲ್ವ್ ಬರುವ ಕ್ಷಣದಲ್ಲಿ ಚಿತ್ರ ತಟ್ಟನೆ ಮೆದುವಾಗಿ ಗ್ರೇನ್ ದಪ್ಪವಾದರೆ ಅದು ದೋಷವಲ್ಲ. ಆ ಕಾಲದಲ್ಲಿ ಡಿಸಾಲ್ವನ್ನು ಆಪ್ಟಿಕಲ್ ಪ್ರಿಂಟರಿನಲ್ಲಿ ಮಾಡುತ್ತಿದ್ದರು: ಮೂಲ ನೆಗೆಟಿವ್‌ನಿಂದ ಪಾಸಿಟಿವ್, ಅದರಿಂದ ಮತ್ತೆ ನೆಗೆಟಿವ್. ಎರಡು ತಲೆಮಾರು ಕೆಳಗಿಳಿದ ಆ ತುಂಡನ್ನು ಮೂಲದ ನಡುವೆ ಅಂಟಿಸುತ್ತಿದ್ದರು. ಶಾಟ್ ಮೇಲೆ ಹೆಸರು ಮೂಡಿಸುವುದಕ್ಕೂ ಇದೇ ದಾರಿ. ಪ್ರಿವ್ಯೂ ಪ್ರತಿಯಲ್ಲಿ ಒಂದು ಶಾಟ್ ಚೂಪು, ಮುಂದಿನದು ಮಂದ ಎನ್ನಿಸಿದರೂ ಕಾರಣ ಹುಡುಕಬೇಕಾದ್ದು ಹೆಚ್ಚಾಗಿ ಫಿಲ್ಮಿನ ಆಕರದಲ್ಲೇ.

ನಿಜವಾದ ದೋಷಗಳ ಗುರುತು ಬೇರೆ. ಮುಖ ಮೇಣದಂತೆ ನುಣುಪಾಗಿ, ಗ್ರೇನ್ ಗಾಜಿಗೆ ಅಂಟಿದಂತೆ ಅಲುಗದೆ ನಿಂತರೆ ಗ್ರೇನ್ ಕಡಿತ ಅತಿಯಾಗಿದೆ. ವೆಲ್ಸ್ ತಾವೇ ನಟಿಸಿದ ಕ್ವಿನ್ಲನ್‌ನ ಗಡ್ಡದ ಕುರುಚಲು, ಬೆವರು ನೋಡಿ. ವೆಲ್ಸ್ ಮುಖ ಈ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ಕಪ್ಪು ಕೋಟು ಕಪ್ಪು ಬಾಗಿಲಿನಲ್ಲಿ ಮುಳುಗಿ ಅಂಚೇ ಕಾಣದಿದ್ದರೆ ಕಾಂಟ್ರಾಸ್ಟ್ ಏರಿಸಿದ್ದಾರೆ, ಅಥವಾ ಪ್ಲೇಯರ್ ಮತ್ತು ಟಿವಿಯ ಎಚ್‌ಡಿಎಂಐ ರೇಂಜ್ (ಕಪ್ಪು–ಬಿಳುಪಿನ ಮಟ್ಟ ತಿಳಿಸುವ ಸೆಟ್ಟಿಂಗ್) ಹೊಂದುತ್ತಿಲ್ಲ. ಎರಡನ್ನೂ ‘ಲಿಮಿಟೆಡ್’ಗೆ ಇಟ್ಟು ಮತ್ತೆ ನೋಡಿ. ಗ್ರಾಂಡಿ ಸಾಯುವ ಹೋಟೆಲ್ ಕೋಣೆಯಲ್ಲಿ ಹೊರಗಿನ ದೀಪ ಮಿನುಗಿ ಮಿನುಗಿ ಆರುವುದು ಚಿತ್ರದ್ದೇ. ಫ್ಲಿಕರ್ ತೆಗೆಯುವ ಸಾಫ್ಟ್‌ವೇರನ್ನು ಇಡೀ ರೀಲಿಗೆ ಕಣ್ಣುಮುಚ್ಚಿ ಓಡಿಸಿದರೆ ಇಂಥ ಬೆಳಕೇ ಸಪ್ಪೆಯಾಗುತ್ತದೆ. ಧೂಳು ತೆಗೆಯುವ ಸಾಫ್ಟ್‌ವೇರ್ ಗಾಳಿಗೆ ಹಾರುವ ಕಾಗದದ ಚೂರನ್ನೂ ಧೂಳೆಂದು ನುಂಗಬಲ್ಲದು. ಪುನರುಜ್ಜೀವನದ ಕೆಲಸದಲ್ಲಿ ಕೈಯಿಂದ ಫ್ರೇಮ್ ಫ್ರೇಮ್ ನೋಡುವವರಿಗೆ ಸಂಬಳ ಕೊಡುವುದು ಇದಕ್ಕೇ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕೀನೋ ಸೆಟ್ಟಿನಲ್ಲಿ ಮೂರೂ ಡಿಸ್ಕ್ ಇವೆಯೇ, ಯೂನಿವರ್ಸಲ್ ಬ್ಲೂ-ರೇಯಲ್ಲಿ ಟಿಪ್ಪಣಿಯ ಪುಸ್ತಿಕೆ ಉಳಿದಿದೆಯೇ ಎಂದು ಫೋಟೋ ಕೇಳಿ ತರಿಸಿಕೊಳ್ಳಿ. ಆ 58 ಪುಟ ಕೈಯಲ್ಲಿಟ್ಟುಕೊಂಡು ಎರಡು ಆವೃತ್ತಿ ಹೋಲಿಸುವ ಉದ್ದೇಶವಿದ್ದರೆ, ಪುಸ್ತಿಕೆ ಕಳೆದ ಪ್ರತಿಗೆ ಪೂರ್ತಿ ಬೆಲೆ ಕೊಡಬೇಡಿ.